ಸಹಿಯಿಲ್ಲದ ಹಾಯಿಹಡಗು: ಗ್ರೂಟ್ ಐಲಂಡಿನ ಒಂದು ತೊಗಟೆ ಚಿತ್ರದ ಮೌಲ್ಯಮಾಪನ

ಆಸ್ಟ್ರೇಲಿಯಾದ ಅಡಿಲೇಡ್ ನಗರದ ಹೊರವಲಯದಲ್ಲಿ ವಾಸಿಸುವ, ಎಂಬತ್ತು ದಾಟಿದ ಮಹಿಳೆಯೊಬ್ಬರು ತಮ್ಮ ನಡುಮನೆಯ ಗೋಡೆಯಲ್ಲಿದ್ದ, ಆ ದೇಶದ ಮೂಲನಿವಾಸಿಗಳು ಮರದ ತೊಗಟೆಯ ಮೇಲೆ ಬರೆಯುವ ಬಗೆಯ ತೊಗಟೆ ಚಿತ್ರಕ್ಕೆ ಬೆಲೆ ಕಟ್ಟಿಕೊಡಬೇಕೆಂದು ನನ್ನನ್ನು ಕರೆಸಿಕೊಂಡರು. ಚಿತ್ರದ ಮುಂಭಾಗದಲ್ಲಾಗಲಿ ಹಿಂಭಾಗದಲ್ಲಾಗಲಿ ಸಹಿ ಇರಲಿಲ್ಲ. ಕಲಾವಿದರ ಹೆಸರಿನ ಚೀಟಿಯೂ ಇರಲಿಲ್ಲ. ಇದ್ದದ್ದು ಮನೆಯ ಮಾತೊಂದೇ: ಯುದ್ಧಕಾಲದಲ್ಲಿ ವಾಯುಪಡೆಯ ಕೆಲಸದ ಮೇಲೆ ಉತ್ತರ ಕರಾವಳಿಗೆ ಹೋಗಿದ್ದ ತಂದೆ ಅದನ್ನು ಅಲ್ಲಿಂದ ತಂದರು, ಅದರಲ್ಲಿರುವುದು ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗು. ಚಿತ್ರದ ಫೋಟೊ ನೋಡಿದ್ದ ವ್ಯಾಪಾರಿಯೊಬ್ಬರು ಉತ್ತರ ಕರಾವಳಿಯ ಗ್ರೂಟ್ ಐಲಂಡ್ ಎಂಬ ದ್ವೀಪದ ಹೆಸರಾಂತ ಕಲಾವಿದರೊಬ್ಬರ ಹೆಸರು ಹೇಳಿ, ಆ ಹೆಸರಿನಲ್ಲಿ ಪ್ರಮಾಣಪತ್ರ ಸಿಕ್ಕರೆ ಬೆಲೆ ಹಲವು ಪಟ್ಟು ಏರುತ್ತದೆ ಎಂದಿದ್ದರು. ಮನೆಯವರಿಗೆ ನನ್ನಿಂದ ಬೇಕಾಗಿದ್ದುದು ಆ ಹೆಸರೇ ಎಂಬುದು ಮೊದಲ ಹತ್ತು ನಿಮಿಷದಲ್ಲೇ ತಿಳಿಯಿತು.

ಆದರೂ ನಾನು ಮೊದಲು ಕೇಳಿದ್ದು ಹೆಸರಿನ ವಿಚಾರವನ್ನಲ್ಲ, ಬೆಲೆ ಏತಕ್ಕಾಗಿ ಎಂಬುದನ್ನು. ವಿಮೆಗಾಗಿ ಕಟ್ಟುವ ಬೆಲೆ ಬೇರೆ, ಆಸ್ತಿ ಹಂಚಿಕೆಗಾಗಿ ಕಟ್ಟುವ ಬೆಲೆ ಬೇರೆ. ವಿಮೆಯಲ್ಲಿ, ಈ ವಸ್ತು ಕಳೆದುಹೋದರೆ ಇಂಥದ್ದೇ ಇನ್ನೊಂದನ್ನು ಗ್ಯಾಲರಿಯಿಂದ ಕೊಳ್ಳಲು ಎಷ್ಟು ಬೇಕು ಎಂದು ನೋಡುತ್ತೇವೆ. ಹಂಚಿಕೆಯಲ್ಲಿ, ಒತ್ತಾಯವಿಲ್ಲದೆ ಮಾರುವವರೂ ಕೊಳ್ಳುವವರೂ ತಿಳಿದು ಒಪ್ಪಿಕೊಳ್ಳುವ ಬೆಲೆಯನ್ನು ನೋಡುತ್ತೇವೆ. ಮೊದಲನೆಯದು ಸಾಮಾನ್ಯವಾಗಿ ಎರಡನೆಯದಕ್ಕಿಂತ ಹೆಚ್ಚಿರುತ್ತದೆ. ಈ ಮಹಿಳೆಗೆ ಮೂವರು ಮಕ್ಕಳು, ಅವರಲ್ಲಿ ಒಬ್ಬರು ಇಂಗ್ಲೆಂಡಿನಲ್ಲಿದ್ದಾರೆ. ತಾವಿರುವಾಗಲೇ ಹಂಚಿಕೆ ಮಾಡಿ ಮುಗಿಸಬೇಕೆಂಬುದು ಅವರ ಇಚ್ಛೆ. ಹಾಗಾಗಿ ಹಂಚಿಕೆಯ ಬೆಲೆಯನ್ನೇ ಮುಖ್ಯವಾಗಿಟ್ಟುಕೊಂಡು, ವಿಮೆಯ ಬೆಲೆಯನ್ನು ಪ್ರತ್ಯೇಕವಾಗಿ ಕೊಡುವುದೆಂದು ಬರವಣಿಗೆಯಲ್ಲಿ ಒಪ್ಪಿಕೊಂಡೆವು. ನನ್ನ ಶುಲ್ಕ ಗಂಟೆಯ ಲೆಕ್ಕದ್ದು, ಚಿತ್ರದ ಬೆಲೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನೂ ಅದೇ ಪತ್ರದಲ್ಲಿ ಬರೆದೆ. ಹೆಸರಿನ ಆಸೆ ಇಷ್ಟು ಬಲವಾಗಿರುವ ಕಡೆ ಈ ಸಾಲು ಇರಲೇಬೇಕು.

ಚಿತ್ರ ಸುಮಾರು 71 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರವಿತ್ತು. ಎರಡೂ ತುದಿಗಳು ಸ್ವಲ್ಪ ಒಳಕ್ಕೆ ಬಾಗಿದ್ದವು. ಚೌಕಟ್ಟಿನಿಂದ ಹೊರತೆಗೆದು, ಮೆತ್ತನೆಯ ಹಾಸಿನ ಮೇಲೆ ಮುಖ ಮೇಲಾಗಿ ಮಲಗಿಸಿ, ಪಕ್ಕದಿಂದ ಓರೆಯಾಗಿ ದೀಪ ಹಿಡಿದು ನೋಡಿದೆ. ಹಲಗೆಯಂತೆ ಕಂಡರೂ ಅದು ನೀಲಗಿರಿ ಕುಲಕ್ಕೆ ಸೇರಿದ, ನಾರುನಾರಾದ ತೊಗಟೆಯ ಮರದ ಸಿಪ್ಪೆ. ಮಳೆಗಾಲದಲ್ಲಿ ಮರದೊಳಗೆ ರಸ ಹರಿಯುವಾಗ ತೊಗಟೆ ಸಲೀಸಾಗಿ ಏಳುತ್ತದೆ. ಹೊರಗಿನ ಒರಟು ನಾರನ್ನು ಹೆರೆದು ತೆಗೆದು, ಬೆಂಕಿಯ ಶಾಖಕ್ಕೆ ಹಿಡಿದು, ಮೆದುವಾದ ಮೇಲೆ ಭಾರ ಹೇರಿ ದಿನಗಟ್ಟಲೆ ಚಪ್ಪಟೆಗೊಳಿಸುತ್ತಾರೆ. ಬಣ್ಣ ಹಚ್ಚುವುದು ನಯವಾದ ಒಳಮೈಗೆ. ಈ ಚಿತ್ರದ ಹಿಂಬದಿಯಲ್ಲಿ ಬೆಂಕಿ ತಾಗಿದ ಕಂದು ಕಲೆಗಳು, ಕತ್ತಿಯಿಂದ ಹೆರೆದ ಉದ್ದುದ್ದ ಗೀರುಗಳು ಸ್ಪಷ್ಟವಾಗಿದ್ದವು. ಮೇಲಂಚಿನಲ್ಲಿ ಎರಡು ತೂತುಗಳಿದ್ದು, ಅವುಗಳ ಸುತ್ತ ತಂತಿಯ ತುಕ್ಕು ಕಿತ್ತಳೆ ಬಣ್ಣದ ಉಂಗುರದಂತೆ ಅಂಟಿಕೊಂಡಿತ್ತು. ನಂತರದ ದಶಕಗಳಲ್ಲಿ ಮಾರುಕಟ್ಟೆಗೆ ಬಂದ ಅನೇಕ ತೊಗಟೆಗಳಿಗೆ ಮೇಲೂ ಕೆಳಗೂ ಕೋಲು ಕಟ್ಟಿ ಬಾಗದಂತೆ ಹಿಡಿದಿರುತ್ತಾರೆ; ಇಲ್ಲಿ ಅಂಥ ಕೋಲಿನ ಗುರುತು ಒಂದೂ ಇರಲಿಲ್ಲ.

ಮುಂಭಾಗದ ಹಿನ್ನೆಲೆ ಇಡೀ ಕಪ್ಪು. ಅದರ ಮೇಲೆ ಬಿಳಿ ಜೇಡಿಮಣ್ಣು, ಕೆಮ್ಮಣ್ಣು, ಹಳದಿ ಮಣ್ಣುಗಳಲ್ಲಿ ಒಂದು ಹಡಗು. ಹಡಗಿನ ಒಡಲನ್ನು ಮನೆಗಳಂತೆ ಭಾಗ ಮಾಡಿ, ಒಂದೊಂದು ಮನೆಯನ್ನೂ ಚಿಕ್ಕ ಚಿಕ್ಕ ತುಂಡುಗೆರೆಗಳ ಸಾಲುಗಳಿಂದ ತುಂಬಿಸಲಾಗಿತ್ತು. ಪ್ರದೇಶವನ್ನು ಗುರುತಿಸಲು ಇಷ್ಟು ಸಾಕಾಗುತ್ತದೆ ಎನ್ನುವಷ್ಟು ಸ್ಪಷ್ಟವಾದ ಶೈಲಿಯಿದು. ಉತ್ತರ ಆಸ್ಟ್ರೇಲಿಯಾದ ಆರ್ನೆಂ ಲ್ಯಾಂಡಿನ ಪಶ್ಚಿಮ ಭಾಗದಲ್ಲಿ ಸಾಮಾನ್ಯವಾಗಿ ಕೆಮ್ಮಣ್ಣಿನ ಬರಿಯ ಹಿನ್ನೆಲೆಯ ಮೇಲೆ ಪ್ರಾಣಿಯ ಎಲುಬು, ಕರುಳುಗಳೂ ಕಾಣುವಂತೆ ಒಂಟಿ ಆಕೃತಿಗಳನ್ನು ಬರೆಯುತ್ತಾರೆ. ಪೂರ್ವದ ಯಿರ್ಕಲಾ ಭಾಗದ ಯೊಲ್ಙು ಜನರ ಚಿತ್ರಗಳಲ್ಲಿ ಕುಲದ ವಿನ್ಯಾಸವು ಕೂದಲೆಳೆಯ ಕುಂಚದಿಂದ ಎಳೆದ ಅಡ್ಡಗೆರೆಗಳಾಗಿ ತೊಗಟೆಯ ಇಡೀ ಮೈಯನ್ನು ಆವರಿಸುತ್ತದೆ. ತಿವಿ ದ್ವೀಪಗಳ ಚಿತ್ರಗಳಲ್ಲಿ ಚುಕ್ಕಿಗಳೂ ಪಟ್ಟೆಗಳೂ ಎದ್ದುಕಾಣುತ್ತವೆ. ಕಪ್ಪು ನೆಲದ ಮೇಲೆ ಬಿಡಿ ಆಕೃತಿ, ಅದರೊಳಗೆ ತುಂಡುಗೆರೆ ಎಂದರೆ ಕಾರ್ಪೆಂಟೇರಿಯಾ ಕೊಲ್ಲಿಯ ಗ್ರೂಟ್ ಐಲಂಡಿನತ್ತ ಬೆರಳು ತೋರಿಸಬೇಕು. ಅಲ್ಲಿನ ಅನಿಂದಿಲ್ಯಕ್ವ ಜನರ ಚಿತ್ರಗಳಿಗೆ ಕಪ್ಪು ಕೊಡುವುದು ಮ್ಯಾಂಗನೀಸ್ ಅದಿರು. 1960ರ ದಶಕದ ಮಧ್ಯದಲ್ಲಿ ಆ ದ್ವೀಪದಲ್ಲಿ ದೊಡ್ಡ ಗಣಿ ತೆರೆದದ್ದೂ ಇದೇ ಅದಿರಿಗಾಗಿ. ತೊಗಟೆಗೆ ಧಕ್ಕೆಯಾಗದ ಕ್ಷ-ಕಿರಣ ಉಪಕರಣದಿಂದ ಹಿನ್ನೆಲೆಯನ್ನು ಪರೀಕ್ಷಿಸಿದಾಗ ಮ್ಯಾಂಗನೀಸ್ ಧಾರಾಳವಾಗಿ ಸಿಕ್ಕಿತು. ಇದ್ದಿಲಿನ ಕಪ್ಪಾಗಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಮ್ಯಾಂಗನೀಸ್ ಬೇರೆಡೆಯೂ ಸಿಗುವ ವಸ್ತು. ಶೈಲಿ ಹೇಳಿದ್ದನ್ನು ಅದು ಬೆಂಬಲಿಸುತ್ತದೆಯೇ ಹೊರತು ಅದೊಂದೇ ಸಾಕ್ಷಿಯಾಗಲಾರದು ಎಂದು ವರದಿಯಲ್ಲಿ ಬರೆದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಹಡಗು. ಕುಕ್‌ನ ಹಡಗಿನಲ್ಲಿ ಇರಬೇಕಾದದ್ದು ಇಲ್ಲಿ ಯಾವುದೂ ಇರಲಿಲ್ಲ. ಹಾಯಿ ಕಟ್ಟುವ ಕೂವೆ ಒಂಟಿ ಕಂಬವಾಗಿರದೆ ಮೂರು ಕಾಲುಗಳ ಮುಕ್ಕಾಲಿಯಂತಿತ್ತು. ಹಾಯಿ ಉದ್ದನೆಯ ಆಯತವಾಗಿ ಒಂದು ಬದಿಗೆ ಓರೆಯಾಗಿತ್ತು. ಹಿಂತುದಿಯಲ್ಲಿ ಚುಕ್ಕಾಣಿ ಒಂದಲ್ಲ, ಎರಡು. ಹಡಗಿನ ಇಕ್ಕೆಲಗಳಿಂದ ನೀರಿಗಿಳಿದ ಎರಡು ಅಗಲವಾದ ಹುಟ್ಟುಗಳಂತೆ ಅವನ್ನು ಬರೆಯಲಾಗಿತ್ತು. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಮಕಾಸ್ಸರ್ ಬಂದರಿನಿಂದ ಬರುತ್ತಿದ್ದ ಪ್ರಾವು ಹಡಗುಗಳ ರಚನೆ ಹೀಗೆಯೇ ಇತ್ತು. ವರ್ಷವೂ ಡಿಸೆಂಬರಿನ ಹೊತ್ತಿಗೆ ವಾಯುವ್ಯದ ಮಳೆಗಾಳಿ ಹಿಡಿದು ಬಂದು, ಟ್ರೆಪಾಂಗ್ ಎಂಬ ಕಡಲ ಸೌತೆಯನ್ನು (ಸೌತೆಕಾಯಿಯಾಕಾರದ ಕಡಲ ಜೀವಿ) ಹಿಡಿದು, ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಏಪ್ರಿಲ್ ಸುಮಾರಿಗೆ ಆಗ್ನೇಯ ಗಾಳಿಯಲ್ಲಿ ಮರಳುತ್ತಿದ್ದ ಆ ನಾವಿಕರ ಸರಕು ಕೊನೆಗೆ ಚೀನಾದ ಅಡುಗೆಮನೆ ಸೇರುತ್ತಿತ್ತು. ಅವರು ಬೀಡುಬಿಟ್ಟ ಕಡೆಗಳಲ್ಲೆಲ್ಲ ಆ ಕರಾವಳಿಯಲ್ಲಿ ಇಂದಿಗೂ ಹುಣಸೆ ಮರಗಳಿವೆ. ಯೊಲ್ಙು ಭಾಷೆಯಲ್ಲಿ ಹಣಕ್ಕೆ ‘ರುಪಿಯಾ’ ಎಂಬ ಮಾತು ಉಳಿದಿದ್ದು, ನಮ್ಮ ರೂಪಾಯಿಗೂ ಅದಕ್ಕೂ ಬೇರು ಒಂದೇ. ಮೊದಲ ಸಲ ಆ ಪದ ಕೇಳಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಹಡಗಿನ ಗುರುತು ಸಿಕ್ಕಿದ್ದರಿಂದ ಬೆಲೆಗೂ ಕಾಲನಿರ್ಣಯಕ್ಕೂ ನೆಲೆ ಸಿಕ್ಕಿತು. ಗ್ರೂಟ್ ಐಲಂಡ್ ಸೇರಿದ ಉತ್ತರ ಪ್ರಾಂತವನ್ನು ಆಗ ಅಡಿಲೇಡಿನಿಂದ ಆಳುತ್ತಿದ್ದ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಪರವಾನಗಿ ಕೊಡುವುದನ್ನು ನಿಲ್ಲಿಸಿದ್ದರಿಂದ 1907ರ ವೇಳೆಗೆ ಮಕಾಸ್ಸರಿನ ಹಡಗುಗಳ ಬರವು ಕೊನೆಗೊಂಡಿತು. ಎಂದರೆ 1940ರ ಸುಮಾರಿಗೆ ಕುಂಚ ಹಿಡಿದ ಹಿರಿಯರೊಬ್ಬರು ಬಾಲ್ಯದಲ್ಲಿ ಆ ಹಡಗುಗಳನ್ನು ಕಣ್ಣಾರೆ ಕಂಡಿರುವುದು ಸಾಧ್ಯ. ಅವರಿಗಿಂತ ಕಿರಿಯರು ಕೇಳಿ ತಿಳಿದಿರಬೇಕು. ಈ ಚಿತ್ರದಲ್ಲಿ ಎರಡು ಚುಕ್ಕಾಣಿಗಳಿಗೂ ಒಬ್ಬೊಬ್ಬ ಆಳು ಕುಳಿತಿದ್ದಾನೆ, ಮತ್ತು ಇಬ್ಬರ ತೋಳುಗಳೂ ಹಿಡಿಯತ್ತ ಬಾಗಿರುವ ರೀತಿ ಬೇರೆಬೇರೆಯಾಗಿದೆ. ಇದು ಕಂಡವರ ಕೈ ಎಂದು ನನಗೆ ಬಲವಾಗಿ ಅನ್ನಿಸಿತು. ಅನ್ನಿಸಿಕೆಯನ್ನು ಅನ್ನಿಸಿಕೆ ಎಂದೇ ವರದಿಯಲ್ಲಿ ಬರೆದು, ಅದಕ್ಕೆ ಬೆಲೆಯಲ್ಲಿ ಒಂದು ಪೈಸೆಯನ್ನೂ ಸೇರಿಸಲಿಲ್ಲ.

ಕಾಲವನ್ನು ಇನ್ನಷ್ಟು ಬಿಗಿಮಾಡಲು ನೆರವಾದದ್ದು ಹಿಂಬದಿ. ಅಲ್ಲಿ ಅಂಗೈ ಅಗಲದ ಒಂದು ಆಯತ ಸುತ್ತಲಿನ ತೊಗಟೆಗಿಂತ ತಿಳಿಯಾಗಿತ್ತು. ಅದರ ನಾಲ್ಕು ಮೂಲೆಗಳಲ್ಲಿ ಹಳೆಯ ಗೋಂದಿನ ಹೊಳೆಯುವ ಚುಕ್ಕೆಗಳಿದ್ದವು. ಚೀಟಿಯೊಂದು ಬಹುಕಾಲ ಅಲ್ಲಿ ಅಂಟಿಕೊಂಡಿದ್ದು, ಆಮೇಲೆ ಯಾರೋ ಅದನ್ನು ಕಿತ್ತಿದ್ದರು. 1980ರ ದಶಕದಲ್ಲಿ ಹೊಸ ಚೌಕಟ್ಟು ಹಾಕಿಸಿದಾಗ ‘ಕೊಳಕು ಕಾಗದ’ವನ್ನು ತೆಗೆದು ಶುಚಿ ಮಾಡಿಕೊಟ್ಟಿದ್ದರೆಂದು ಮಹಿಳೆ ನೆನಪಿಸಿಕೊಂಡರು. ಕಲಾವಿದನ ಹೆಸರು ಆ ಕಾಗದದಲ್ಲಿ ಇದ್ದಿರಬಹುದು. ಕ್ರೈಸ್ತ ಮಿಷನ್ನುಗಳಲ್ಲೂ ಮುಂದೆ ಬಂದ ಕಲಾಕೇಂದ್ರಗಳಲ್ಲೂ ಹೆಸರು, ಕುಲ, ಕಥೆಗಳನ್ನು ಬರೆಯುತ್ತಿದ್ದದ್ದು ಇಂಥ ಚೀಟಿಗಳಲ್ಲೇ. ಚಿತ್ರದ ಮುಖದ ಮೇಲೆ ಸಹಿ ಹಾಕುವ ಪದ್ಧತಿ ಅಲ್ಲಿರಲಿಲ್ಲ. ಒಂದು ವಿನ್ಯಾಸವನ್ನು ಬರೆಯುವ ಹಕ್ಕು ತಂದೆಯ ಕುಲದಿಂದ, ತಾಯಿಯ ಕಡೆಯ ಸಂಬಂಧದಿಂದ ಬರುವಂಥದ್ದು, ಮತ್ತು ಯಾರು ಬರೆದರು ಎಂಬುದು ಸುತ್ತಲಿನವರಿಗೆಲ್ಲ ಗೊತ್ತಿರುವಂಥದ್ದು. ಹಳೆಯ ತೊಗಟೆಯ ಮುಖದ ಮೇಲೆ ದಪ್ಪಕ್ಷರದ ಸಹಿ ಕಂಡರೆ ನನಗೆ ಅನುಮಾನವೇ ಹೆಚ್ಚಾಗುತ್ತದೆ.

ದೀಪವನ್ನು ಇನ್ನಷ್ಟು ತಗ್ಗಿಸಿ ಆ ತಿಳಿ ಆಯತದ ಕೆಳಗೆ ನೋಡಿದಾಗ ಸೀಸದ ಕಡ್ಡಿಯ ಬರಹದ ಅಚ್ಚು ಮೂಡಿಬಂತು. ಸೀಸದ ಬಣ್ಣ ಅಳಿಸಿಹೋಗಿ ಒತ್ತು ಮಾತ್ರ ಉಳಿದಿತ್ತು: ‘ಬೋಟ್’ ಎಂಬ ಇಂಗ್ಲಿಷ್ ಪದ, ಅದರ ಪಕ್ಕ 15, ಒಂದು ಓರೆಗೆರೆ, ಒಂದು ಅಡ್ಡಗೆರೆ. ಹದಿನೈದು ಶಿಲಿಂಗ್ ಎಂಬುದನ್ನು ಆ ಕಾಲದವರು ಹೀಗೆ ಬರೆಯುತ್ತಿದ್ದರು. ಆಸ್ಟ್ರೇಲಿಯಾ 1966ರ ಫೆಬ್ರವರಿ 14ರಂದು ಪೌಂಡು–ಶಿಲಿಂಗುಗಳಿಂದ ಡಾಲರಿಗೆ ಬದಲಾಯಿತು. ಹಾಗಾಗಿ ಚಿತ್ರ ಮಾರಾಟವಾದದ್ದು ಅದಕ್ಕಿಂತ ಮೊದಲು. ಇಷ್ಟೇ ಆಗಿದ್ದರೆ ಕಾಲದ ಅಂತರ ತುಂಬ ದೊಡ್ಡದಾಗಿರುತ್ತಿತ್ತು. ಎರಡನೆಯ ಭೇಟಿಯಲ್ಲಿ ಹಳೆಯ ಫೋಟೊಗಳ ಡಬ್ಬಿ ತೆರೆಯೋಣವೇ ಎಂದು ಕೇಳಿದೆ. ಮಹಿಳೆ ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿ ಕ್ರಿಸ್‌ಮಸ್ ಮರದ ಪಕ್ಕ ನಿಂತಿರುವ ಒಂದು ಫೋಟೊದಲ್ಲಿ, ಅವರ ಹೆಗಲ ಹಿಂದೆ, ಗೋಡೆಯ ಮೇಲೆ ಇದೇ ಹಡಗಿತ್ತು. ಫೋಟೊದ ಹಿಂದೆ ಅವರ ತಾಯಿಯ ಕೈಬರಹದಲ್ಲಿ 1952 ಎಂದಿತ್ತು. ಇಂದು ಬಲಗಡೆಯಿಂದ ಹಾಯಿಯವರೆಗೆ ಹಬ್ಬಿರುವ ಬಿರುಕು ಆ ಫೋಟೊದಲ್ಲಿ ಕಾಣುವುದಿಲ್ಲ.

ಯುದ್ಧಕಾಲದಲ್ಲಿ ತಂದರೆಂಬ ಮನೆಯ ಮಾತು ಆಗ ನಂಬಲು ಯೋಗ್ಯವಾಯಿತು. 1938ರಲ್ಲಿ ಸಿಡ್ನಿಯಿಂದ ಇಂಗ್ಲೆಂಡಿಗೆ ಹಾರುತ್ತಿದ್ದ ಜಲವಿಮಾನಗಳಿಗೆ ಗ್ರೂಟ್ ಐಲಂಡ್ ತಂಗುದಾಣವಾಗಿತ್ತು. ಅದೇ ವರ್ಷ ಫ್ರೆಡ್ ಗ್ರೇ ಎಂಬವರು ದ್ವೀಪದ ಅಂಬಕುಂಬದಲ್ಲಿ ವಸತಿಯೊಂದನ್ನು ಕಟ್ಟಿದರು. ಯುದ್ಧದ ದಿನಗಳಲ್ಲಿ ವಾಯುಪಡೆಯ ಜನ ದ್ವೀಪದಲ್ಲಿದ್ದರು. 1948ರಲ್ಲಿ ಚಾರ್ಲ್ಸ್ ಮೌಂಟ್‌ಫರ್ಡ್ ನೇತೃತ್ವದ ಅಮೆರಿಕ–ಆಸ್ಟ್ರೇಲಿಯಾ ವೈಜ್ಞಾನಿಕ ತಂಡ ಅಲ್ಲಿಗೆ ಬಂದು ಚಿತ್ರಗಳನ್ನು ಸಂಗ್ರಹಿಸಿತು, 1956ರಲ್ಲಿ ಅವುಗಳಲ್ಲಿ ಹಲವು ಆಸ್ಟ್ರೇಲಿಯಾದ ರಾಜ್ಯ ಗ್ಯಾಲರಿಗಳಿಗೆ ಹಂಚಿಕೆಯಾದವು. ಆ ಸಂಗ್ರಹಗಳಲ್ಲಿರುವ ಚಿತ್ರಗಳೇ ನಮಗೆ ಹೋಲಿಕೆಯ ಆಧಾರ. ತೊಗಟೆಯ ಬಣ್ಣವೂ ಇದಕ್ಕೆ ಹೊಂದುತ್ತಿತ್ತು: 1960ರ ದಶಕದಿಂದ ಮರಗೆಲಸದ ಬಿಳಿ ಅಂಟನ್ನು ಬಣ್ಣಕ್ಕೆ ಬೆರೆಸುವುದು ವ್ಯಾಪಕವಾಯಿತು, ಅದಕ್ಕಿಂತ ಹಿಂದೆ ಕಾಡಿನ ಸೀತಾಳೆ ಗಿಡದ ರಸ ಮುಂತಾದವನ್ನು ಬಳಸುತ್ತಿದ್ದರು, ಅಂಥ ಬಣ್ಣ ಕಾಲ ಕಳೆದಂತೆ ಪುಡಿಯಾಗುತ್ತದೆ. ಅತಿನೇರಳೆ ಬೆಳಕಿನಲ್ಲಿ ಅಂಟಿನ ಹಾಲುಬಿಳುಪು ಹೊಳಪು ಬಿರುಕಿನ ಎರಡು ಕಡೆ ಮಾತ್ರ, ಆಮೇಲೆಂದೋ ತೇಪೆ ಹಾಕಿದ ಜಾಗದಲ್ಲಿ, ಕಾಣಿಸಿತು. ಉಳಿದ ಬಣ್ಣವೆಲ್ಲ ಮಂಕಾಗಿ, ಬೆರಳು ತಾಗಿಸಲೂ ಹೆದರುವಷ್ಟು ಸಡಿಲವಾಗಿತ್ತು. ಕಾಲವನ್ನು ‘ಸುಮಾರು 1938–1952’ ಎಂದು ನಮೂದಿಸಿದೆ.

ಇನ್ನು ಹೆಸರು. ವ್ಯಾಪಾರಿ ಹೇಳಿದ್ದ ಕಲಾವಿದರ ಚಿತ್ರಗಳು ಸಾರ್ವಜನಿಕ ಸಂಗ್ರಹಗಳಲ್ಲಿವೆ. ಅವುಗಳ ಸ್ಪಷ್ಟವಾದ ಛಾಯಾಚಿತ್ರಗಳ ಪಕ್ಕ ಈ ಹಡಗನ್ನಿಟ್ಟು ವಾರಗಟ್ಟಲೆ ನೋಡಿದೆ. ತುಂಡುಗೆರೆಗಳ ಅಳತೆ, ಆಕೃತಿಯ ಅಂಚಿನ ಬಿಳಿ ಗೆರೆ, ಮನುಷ್ಯರ ತಲೆಯ ಆಕಾರ ಇವು ಮೂರನ್ನು ಮುಖ್ಯವಾಗಿ ಗಮನಿಸಿದೆ, ಏಕೆಂದರೆ ವಿಷಯವನ್ನು ಯಾರು ಬೇಕಾದರೂ ಆಯ್ದುಕೊಳ್ಳಬಹುದು, ಕೈಯ ಅಭ್ಯಾಸವನ್ನು ಬದಲಿಸುವುದು ಕಷ್ಟ. ಮೊದಲ ಎರಡು ಹೊಂದಿದವು, ತಲೆಗಳು ಹೊಂದಲಿಲ್ಲ. ಹೆಸರು ಖಚಿತವಿದ್ದ ಚಿತ್ರಗಳಲ್ಲಿ ತಲೆ ಗುಂಡಗೆ, ಕುತ್ತಿಗೆಯಿಂದ ಬಿಡಿಯಾಗಿರುತ್ತಿತ್ತು. ಇಲ್ಲಿ ತಲೆಯೂ ಭುಜವೂ ಒಂದೇ ಬೀಸಿನಲ್ಲಿ ಇಳಿದಿದ್ದವು. ತುಂಬುಗೆರೆಗಳನ್ನು ಮನೆಯ ಇನ್ನೊಬ್ಬರು ಎಳೆದುಕೊಡುವ ರೂಢಿಯೂ ಉತ್ತರ ಕರಾವಳಿಯಲ್ಲಿ ಇರುವುದರಿಂದ, ತುಂಡುಗೆರೆಯ ಹೋಲಿಕೆಯೊಂದನ್ನೇ ನಂಬಿ ಹೆಸರು ಕೊಡುವುದು ತಪ್ಪಾಗುತ್ತಿತ್ತು. ಪರಿಚಿತ ಸಂಶೋಧಕರೊಬ್ಬರ ಮೂಲಕ, ಮಾಲೀಕರ ಒಪ್ಪಿಗೆ ಪಡೆದು, ಫೋಟೊಗಳನ್ನು ದ್ವೀಪದ ಹಿರಿಯರಿಗೆ ಕಳಿಸಿದೆ. ಹಡಗಿನ ಚಿತ್ರ ಎಲ್ಲರೂ ನೋಡಬಹುದಾದದ್ದೇ, ಗುಟ್ಟಿನ ಆಚರಣೆಗೆ ಸೇರಿದ್ದಲ್ಲ ಎಂಬ ಉತ್ತರ ಮೊದಲು ಬಂತು. ಅದು ಬರುವವರೆಗೆ ಚಿತ್ರದ ಫೋಟೊವನ್ನು ಬೇರೆ ಯಾರಿಗೂ ತೋರಿಸಿರಲಿಲ್ಲ. ಬರೆದವರು ಇಬ್ಬರಲ್ಲಿ ಒಬ್ಬರಿರಬಹುದು, ಇಬ್ಬರೂ ಒಂದೇ ಮನೆತನದವರು, ಯಾರೆಂದು ಬೇರ್ಪಡಿಸಿ ಹೇಳುವವರು ಈಗ ಇಲ್ಲ ಎಂಬುದು ಎರಡನೆಯ ಉತ್ತರ. ತೀರಿಹೋದವರ ಹೆಸರನ್ನು ಎಲ್ಲೆಂದರಲ್ಲಿ ಆಡಬಾರದೆಂಬ ಅವರ ರೂಢಿಗೆ ತಲೆಬಾಗಿ ಆ ಎರಡು ಹೆಸರುಗಳನ್ನು ಮುಚ್ಚಿದ ಅನುಬಂಧದಲ್ಲಿ ಮಾತ್ರ ಇರಿಸಿದೆ.

ಮಹಿಳೆಯ ಹಿರಿಯ ಮಗ ಆಗ, ‘ಹಾಗಾದರೆ ಅಜ್ಞಾತ ಕಲಾವಿದ ಎಂದು ಬರೆದುಬಿಡಿ’ ಎಂದರು. ನಾನು ಅದಕ್ಕೂ ಒಪ್ಪಲಿಲ್ಲ. 1966ರ ಹೊಸ ಒಂದು ಡಾಲರ್ ನೋಟಿನ ಮೇಲೆ ಅಚ್ಚಾದದ್ದು ಒಂದು ತೊಗಟೆ ಚಿತ್ರದ ವಿನ್ಯಾಸ. ಮೂಲಚಿತ್ರವನ್ನು ಕಲಾಸಂಗ್ರಾಹಕ ಕರೆಲ್ ಕುಪ್ಕಾ ಸಂಗ್ರಹಿಸಿದ್ದರು, ಅದು ಪ್ಯಾರಿಸ್ಸಿನಲ್ಲಿತ್ತು. ಬರೆದವರನ್ನು ಕೇಳದೆ, ಹೆಸರಿಲ್ಲದ ಹಳೆಯ ಕೃತಿಯೆಂಬಂತೆ ಅದನ್ನು ಬಳಸಿಕೊಳ್ಳಲಾಯಿತು. ಬರೆದವರಾದ ಡೇವಿಡ್ ಮಲಂಗಿ ಆರ್ನೆಂ ಲ್ಯಾಂಡಿನ ಮಿಲಿಂಗಿಂಬಿ ಕಡೆಯಲ್ಲಿ ಆರೋಗ್ಯವಾಗಿದ್ದರು. ಅಲ್ಲಿನ ಶಾಲಾ ಶಿಕ್ಷಕರೊಬ್ಬರು ಚಿತ್ರವನ್ನು ಗುರುತಿಸಿ ತಿಳಿಸಿದ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಎಚ್.ಸಿ. ಕೂಂಬ್ಸ್ ಅವರು ಮಲಂಗಿಯವರಿಗೆ 1,000 ಡಾಲರ್, ಒಂದು ಪದಕ ಮತ್ತು ಮೀನು ಹಿಡಿಯುವ ಸಾಮಗ್ರಿ ಕೊಡಿಸಿದರು. ಆ ಕಲಾವಿದ ಯಾರಿಗೆ ಅಜ್ಞಾತರಾಗಿದ್ದರು? ಊರಿನವರಿಗಂತೂ ಅಲ್ಲ. ನಮ್ಮ ಚಿತ್ರದ ಹಡಗನ್ನು ಹದಿನೈದು ಶಿಲಿಂಗಿಗೆ ಮಾರಿದ ದಿನ ಎದುರಿಗೆ ನಿಂತಿದ್ದವರಿಗೂ ಬರೆದವರ ಹೆಸರು ಗೊತ್ತಿತ್ತು. ಆದ್ದರಿಂದ ವರದಿಯಲ್ಲಿ ‘ಹೆಸರು ದಾಖಲಾಗದ ಅನಿಂದಿಲ್ಯಕ್ವ ಕಲಾವಿದ, ಗ್ರೂಟ್ ಐಲಂಡ್, ಸುಮಾರು 1938–1952’ ಎಂದು ಬರೆದೆ. ಅದರ ಕೆಳಗೆ, ವ್ಯಾಪಾರಿ ಸೂಚಿಸಿದ ಹೆಸರನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ತಲೆಗಳ ಫೋಟೊಗಳ ಸಮೇತ ಎರಡು ಪುಟಗಳಲ್ಲಿ ವಿವರಿಸಿದೆ.

ಬೆಲೆಯ ಮೊತ್ತವನ್ನು ಮಾಲೀಕರ ಕೋರಿಕೆಯಂತೆ ಇಲ್ಲಿ ಹೇಳುವುದಿಲ್ಲ; ಕಟ್ಟಿದ ಕ್ರಮವನ್ನು ಹೇಳಬಹುದು. ಹೋಲಿಕೆಗೆ ಗ್ರೂಟ್ ಐಲಂಡಿನ, 1960ಕ್ಕಿಂತ ಹಿಂದಿನ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ತೊಗಟೆಗಳನ್ನೇ ತೆಗೆದುಕೊಂಡೆ. ಗ್ಯಾಲರಿಗಳು ಕೇಳುವ ಬೆಲೆಯನ್ನು ವಿಮೆಯ ಲೆಕ್ಕಕ್ಕೆ ಮಾತ್ರ ಬಳಸಿದೆ. ಹಡಗಿನ ವಿಷಯ, 1952ರ ಫೋಟೊ, ಒಂದೇ ಮನೆಯಲ್ಲಿದ್ದ ಇತಿಹಾಸ ಇವು ಬೆಲೆಯನ್ನು ಏರಿಸಿದವು. ಬಿರುಕು, ಕಿತ್ತುಹೋದ ಚೀಟಿ, ಉದುರುತ್ತಿರುವ ಬಿಳಿ ಬಣ್ಣ ಇಳಿಸಿದವು. ವ್ಯಾಪಾರಿ ಹೇಳಿದ ಹೆಸರು ನಿಜವಾಗಿದ್ದಿದ್ದರೆ ನನ್ನ ಅಂಕಿ ಸುಮಾರು ಮೂರರಷ್ಟಾಗುತ್ತಿತ್ತು ಎಂಬುದನ್ನು ಮನೆಯವರಿಂದ ಮುಚ್ಚಿಡಲಿಲ್ಲ. ಹೆಸರು ಹಣದ ವಿಚಾರವಷ್ಟೇ ಆಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ 2010ರ ಜೂನ್ 9ರಿಂದ ಜಾರಿಯಲ್ಲಿರುವ ಮರುಮಾರಾಟ ರಾಯಲ್ಟಿ ಕಾನೂನಿನಂತೆ, ಕಲಾವಿದರು ತೀರಿಕೊಂಡ 70 ವರ್ಷಗಳವರೆಗೆ, 1,000 ಡಾಲರ್ ಮತ್ತು ಅದಕ್ಕೂ ಮೇಲ್ಪಟ್ಟ ಮರುಮಾರಾಟಗಳಲ್ಲಿ ಶೇಕಡ 5 ಅವರಿಗೆ ಅಥವಾ ವಾರಸುದಾರರಿಗೆ ಸಲ್ಲಬೇಕು. ಕಾನೂನು ಬಂದ ಮೇಲಿನ ಮೊದಲ ಹಸ್ತಾಂತರಕ್ಕೆ ಇದು ಅನ್ವಯಿಸುವುದಿಲ್ಲವಾದರೂ ಮುಂದಿನ ಮಾರಾಟಗಳಿಗೆ ಅನ್ವಯಿಸುತ್ತದೆ. ತಪ್ಪು ಹೆಸರು ಬರೆದರೆ ಒಂದು ಮನೆತನದ ಹಣ ಇನ್ನೊಂದು ಮನೆತನಕ್ಕೆ ಹೋಗುತ್ತದೆ, ಒಂದು ಮನೆತನದ ಹಡಗು ಇನ್ನೊಂದರದ್ದಾಗುತ್ತದೆ.

ಇಂಗ್ಲೆಂಡಿನ ಮಗನ ಪಾಲಿಗೆ ಚಿತ್ರ ಹೋಗುವುದಾದರೆ 1986ರ ಚರ ಸಾಂಸ್ಕೃತಿಕ ಪರಂಪರೆ ರಕ್ಷಣಾ ಕಾಯ್ದೆಯಡಿ, ಕೃತಿಯ ವಯಸ್ಸು ಮತ್ತು ಬೆಲೆಯನ್ನು ನೋಡಿ, ದೇಶದಿಂದ ಹೊರಗೆ ಒಯ್ಯುವ ಪರವಾನಗಿಗೆ ಮೊದಲೇ ಅರ್ಜಿ ಹಾಕಬೇಕಾಗಬಹುದೆಂದು ತಿಳಿಸಿದೆ. ಸಾಮಾನಿನ ನಡುವೆ ಸುತ್ತಿಟ್ಟು ಒಯ್ಯುವ ಯೋಚನೆ ಅವರಲ್ಲಿ ಒಬ್ಬರಿಗಿತ್ತು. ಕಾನೂನನ್ನು ಬದಿಗಿಟ್ಟರೂ ಆ ಬಣ್ಣ ಅಂಥ ಪ್ರಯಾಣವನ್ನು ತಾಳುತ್ತಿರಲಿಲ್ಲ. ತೊಗಟೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಬಾಗುತ್ತದೆ. ಬಾಗಿದ್ದನ್ನು ಒತ್ತಿ ನೇರ ಮಾಡಲು ಹೋದರೆ ಸೀಳುತ್ತದೆ. ಒದ್ದೆ ಬಟ್ಟೆ, ವಾರ್ನಿಷ್, ಗೋಂದು ಯಾವುದನ್ನೂ ತಾಗಿಸಬಾರದು, ಬಿಸಿಲು ಬೀಳುವ ಗೋಡೆಯಿಂದ ಇಳಿಸಬೇಕು, ಬಿರುಕನ್ನು ಸಂರಕ್ಷಣಾ ತಜ್ಞರಿಗೇ ಬಿಡಬೇಕು ಎಂದು ಬರೆದುಕೊಟ್ಟೆ.

ಹಂಚಿಕೆಯಲ್ಲಿ ಚಿತ್ರ ಅಡಿಲೇಡಿನಲ್ಲೇ ಇರುವ ಮಗಳಿಗೆ ಬಂತು. ತೊಗಟೆ ತನ್ನ ಬಾಗಿನಲ್ಲೇ ನಿಲ್ಲುವಂತೆ ಅಡಿಯಿಂದ ಆಧಾರ ಕೊಟ್ಟ ಆಳವಾದ ಪೆಟ್ಟಿಗೆಯೊಂದನ್ನು ತಜ್ಞರು ಮಾಡಿಕೊಟ್ಟಿದ್ದಾರೆ. ಹಿಂಬದಿಯ ಹಲಗೆಯಲ್ಲಿ ಕಿಟಕಿಯಷ್ಟು ಜಾಗ ಬಿಟ್ಟಿರುವುದರಿಂದ ತಿಳಿ ಆಯತವೂ ಶಿಲಿಂಗಿನ ಅಚ್ಚೂ ಹಾಗೆಯೇ ಕಾಣುತ್ತವೆ. ತೊಗಟೆಗೆ ಏನನ್ನೂ ಅಂಟಿಸದೆ, 1952ರ ಫೋಟೊದ ಪ್ರತಿ ಮತ್ತು ವರದಿಯ ಮೊದಲ ಪುಟವನ್ನು ಪೆಟ್ಟಿಗೆಯ ಒಳಬದಿಯ ಲಕೋಟೆಯಲ್ಲಿ ಇಟ್ಟಿದ್ದೇವೆ. ಅದೇ ಫೋಟೊಗಳ ಇನ್ನೊಂದು ಪ್ರತಿ ದ್ವೀಪಕ್ಕೆ ಹೋಗಿದೆ. ಆ ಮನೆತನದವರು ಯಾರಾದರೂ ಮುಂದೆ ಹಡಗಿನ ಬಗ್ಗೆ ಏನಾದರೂ ತಿಳಿಸಿದರೆ ಸೇರಿಸಲೆಂದು ವರದಿಯ ಕಲಾವಿದರ ಸಾಲಿನ ಕೆಳಗೆ ಜಾಗ ಖಾಲಿ ಬಿಟ್ಟಿದ್ದೇನೆ.